ಅಲೆಗೆರೆಯ ವಲಸೆ ಗಂಡ

ಬಲು ಹಿಂದೆ, ಮೋಡಗಳು ಹೆಸರು ಹಿಡಿದು ಕರೆದರೆ ಓಗೊಟ್ಟು ಬರುತ್ತಿದ್ದ ಕಾಲದಲ್ಲಿ, ಅಲೆಗೆರೆ ಅಂತ ಒಂದು ರಾಜ್ಯವಿತ್ತು. ರಾಜ್ಯಕ್ಕೆ ಆ ಹೆಸರು ಬಂದದ್ದು ಅದರ ನಡುವೆ ಇದ್ದ ಕೆರೆಯಿಂದ. ಅಂತಿಂಥ ಕೆರೆಯಲ್ಲ ಅದು. ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ತುಂಬಿ, ಕೋಡಿ ಬಿದ್ದು, ಮಿಕ್ಕ ನೀರು ಕೆಳಗಿನ ಹೆಬ್ಬೊಳೆಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಇಳಿದು ಇಳಿದು ನಡುವೆ ಒಂದು ಮಡುವಾಗಿ ಕೂರುತ್ತಿತ್ತು. ಆಗ ಊರಿನವರು ಬರಿದಾದ ಕೆರೆಯಂಗಳದಲ್ಲಿ ಸೌತೆ, ಕರ್ಬೂಜ ಬೆಳೆಯುತ್ತಿದ್ದರು. ಮನೆಗೊಬ್ಬರಂತೆ ಬುಟ್ಟಿ ಹಿಡಿದು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಮತ್ತೆ ಮಳೆ, ಮತ್ತೆ ಕೋಡಿ. ಕೆರೆ ಹೋಗುತ್ತಿತ್ತು, ಬರುತ್ತಿತ್ತು. ಅದೇನು ದೊಡ್ಡ ಸಂಗತಿ ಅಂತ ಯಾರಿಗೂ ಅನಿಸಿರಲಿಲ್ಲ.

ಆ ಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದವಳು ದ್ಯಾವೀರಿ. ಬೆಸ್ತರ ಹುಡುಗಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಪ್ಪನ ಹರಿಗೋಲು, ಅಪ್ಪನ ಬಲೆ ಎರಡೂ ಅವಳ ಪಾಲಿಗೆ ಬಂದಿದ್ದವು. ಬಾಯಿ ಜೋರು, ತೋಳು ಅದಕ್ಕಿಂತ ಜೋರು. ಒಂದು ಕಾರ್ತಿಕದಲ್ಲಿ ಅವಳ ಬಲೆಗೆ ಮೀನಿನ ಬದಲು ಒಂದು ಹೆಬ್ಬಾತು ಬಿತ್ತು. ಹಿಮದ ಬೆಟ್ಟಗಳ ಆಚೆಯಿಂದ ಪ್ರತಿ ಚಳಿಗಾಲ ಹಿಂಡು ಕಟ್ಟಿಕೊಂಡು ಬರುತ್ತಾವಲ್ಲ, ತಲೆಯ ಮೇಲೆ ಕರಿ ಪಟ್ಟೆ ಇರುವಂಥವು, ಅವುಗಳಲ್ಲೊಂದು.

"ಅಯ್ಯೋ ಶಿವನೇ, ಅಷ್ಟು ದೂರದಿಂದ ಬಂದದ್ದು ನನ್ನ ಬಲೆಗೆ ಬೀಳೋಕಾ?" ಅಂತ ಬೈದುಕೊಂಡೇ ಅವಳು ಗಂಟು ಬಿಡಿಸಿ ಬಿಟ್ಟಳು. ಹಕ್ಕಿ ಈಜಿಕೊಂಡು ಹೋಗಿ ದಡ ಹತ್ತಿತು. ದಡ ಹತ್ತಿದ ಮೇಲೆ ಅದು ಹಕ್ಕಿಯಾಗಿರಲಿಲ್ಲ, ಎತ್ತರದ ಒಬ್ಬ ಗಂಡಸಾಗಿತ್ತು.

"ನಾನು ಹುಟ್ಟಿದ್ದೇ ಹೀಗೆ," ಅಂದ ಅವನು. "ಅಲೆಗೆರೆಯ ನೀರಲ್ಲಿ ಇಳಿದು ಅಲೆಗೆರೆಯ ದಡ ಹತ್ತಿದರೆ ಮನುಷ್ಯ. ಬೇರೆ ಎಲ್ಲಿ ಇಳಿದರೂ ಹಕ್ಕಿ."

ಮುಗಿಲಿಂದ ಇಳಿದವನು ಅಂತ ಊರಿನವರು ಅವನನ್ನು ಮುಗಿಲಯ್ಯ ಅಂತ ಕರೆದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ದ್ಯಾವೀರಿಗೂ ಅವನಿಗೂ ಮದುವೆಯಾಯಿತು. ಶಿವರಾತ್ರಿಯ ಹೊತ್ತಿಗೆ, ಚಳಿ ಹಿಂದೆ ಸರಿದು ಬಿಸಿಲಿಗೆ ಮೊನೆ ಬಂದಾಗ, ರೆಕ್ಕೆ ಬೇಡಿ ಅವನ ತೋಳುಗಳು ನವೆಯತೊಡಗಿದವು. ಹಿಂಡು ಹೊರಡುವ ದಿನ ಅವನು ಅವಳ ಮುಂದೆ ನಿಂತು ಹೇಳಿದ:

"ದ್ಯಾವೀರಿ, ಹೋಗಿ ಬರ್ತೀನಿ. ಒಂದು ಮಾತು ನೆನಪಿಟ್ಟುಕೋ. ಒಂದು ಚಳಿಗಾಲ ಈ ದಡ ತಪ್ಪಿದರೆ ನಿನ್ನ ಹೆಸರು ಮರೀತೀನಿ. ಎರಡು ತಪ್ಪಿದರೆ ನಿನ್ನ ಮುಖ ಮರೀತೀನಿ. ಮೂರು ತಪ್ಪಿದರೆ ನಾನು ಯಾರು ಅನ್ನೋದೇ ಮರೆತು ಬರೀ ಹಕ್ಕಿಯಾಗಿಬಿಡ್ತೀನಿ."

"ಯಾಕೆ ತಪ್ಪುತ್ತೆ? ಕೆರೆ ಎಲ್ಲಿಗಾದರೂ ಓಡಿಹೋಗುತ್ತಾ?" ಅಂದಳು ಅವಳು. ನಗುತ್ತಲೇ ಅಂದಳು. ಅವನು ಹಾರಿಹೋದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಹೀಗೆ ಕೆಲವು ವರ್ಷ ನಡೆಯಿತು. ಕಾರ್ತಿಕದಲ್ಲಿ ಬರುತ್ತಿದ್ದ, ಶಿವರಾತ್ರಿಗೆ ಹೋಗುತ್ತಿದ್ದ. ಇದ್ದಾಗ ಇರುತ್ತಿದ್ದ ಸುಖ ಇದ್ದಾಗಿನದು. ಇಲ್ಲದಾಗ? ಬೇಸಿಗೆಯಲ್ಲಿ ಮೊದಲ ಸೌತೆಕಾಯಿ ಕಿತ್ತರೆ, ಅವನು ಇದನ್ನು ತಿಂದೇ ಇಲ್ಲವಲ್ಲ ಅನಿಸುತ್ತಿತ್ತು. ಮುಂಗಾರು ಗುಡುಗಿದರೆ, ಈ ಊರಿನ ಮಳೆಯನ್ನು ಅವನು ಒಮ್ಮೆಯೂ ನೋಡಿಲ್ಲವಲ್ಲ ಅನಿಸುತ್ತಿತ್ತು. ಕೆರೆ ತುಂಬಿ ಕೋಡಿ ಧುಮುಕುವಾಗ ಊರೆಲ್ಲ ಜೋಡಿ ಜೋಡಿಯಾಗಿ ನೋಡಲು ಹೋಗುತ್ತಿತ್ತು. ಅವಳು ಒಬ್ಬಳೇ ಹೋಗುತ್ತಿದ್ದಳು. ಹೆಂಗಸರು ಸುಮ್ಮನಿರುತ್ತಾರೆಯೇ? "ಏನೇ ದ್ಯಾವೀರಿ, ನಿನ್ನ ವಲಸೆ ಗಂಡ ಈಗ ಯಾವ ಹೆಬ್ಬಾತಿನ ಜೊತೆ ಇದ್ದಾನೋ!" ಅಂತ ಕಿಚಾಯಿಸುತ್ತಿದ್ದರು. ಅವಳೂ ತಿರುಗಿ ಏನಾದರೂ ಅಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಮನೆಗೆ ಬಂದು ಅವನ ತಣಿಗೆಯನ್ನು ಸುಮ್ಮಸುಮ್ಮನೆ ತಿಕ್ಕಿ ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಉಂಡವರೇ ಇಲ್ಲದ ತಣಿಗೆ ಅದು. ಅವನು ಹೋಗದೆ ಇರಬೇಕು, ಒಂದೇ ಒಂದು ಮಳೆಗಾಲ ಪಕ್ಕದಲ್ಲಿರಬೇಕು ಅನ್ನುವ ಆಸೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಇತ್ತ ಅರಮನೆಯಲ್ಲಿ ಚಿತ್ರರಾಯ ಅನ್ನುವ ದೊರೆ. ಕೆಟ್ಟವನಲ್ಲ. ಆದರೆ ತುಂಬಿದ ಕೆರೆಯಲ್ಲಿ ತನ್ನ ಅರಮನೆ ತಲೆಕೆಳಗಾಗಿ ಹೊಳೆಯುವುದನ್ನು ನೋಡುವ ಹುಚ್ಚು ಅವನಿಗೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರು ಕಂಡರೆ ಊಟ ಬಿಟ್ಟು ಮುಖ ಊದಿಸಿಕೊಂಡು ಕೂರುತ್ತಿದ್ದ. ಅಂಥ ಒಂದು ಬೇಸಿಗೆಯಲ್ಲಿ ಅವನ ಬಾಗಿಲಿಗೆ ಒಬ್ಬ ಮಾಂತ್ರಿಕ ಬಂದ. ಹೆಸರು ಸ್ಥಿರಸಿದ್ಧ. ಈ ಲೋಕದಲ್ಲಿ ಚಲಿಸುವುದನ್ನು ಬಿಟ್ಟು ನಿಂತದ್ದೆಲ್ಲ ಅವನ ವಶವಾಗುತ್ತಿತ್ತು, ಅದನ್ನು ಹೀರಿ ಅವನು ಕೊಬ್ಬುತ್ತಿದ್ದ. ಹರಿಯುವ ನೀರು ಕಂಡರೆ ಮಾತ್ರ ಮಾರು ದೂರ ಹಾರುತ್ತಿದ್ದ. ಇದು ದೊರೆಗೆ ಗೊತ್ತಿರಲಿಲ್ಲ.

"ಮಹಾಪ್ರಭು, ಇಷ್ಟಕ್ಕೆ ಕೊರಗೋದಾ?" ಅಂದ ಸ್ಥಿರಸಿದ್ಧ. "ಕೋಡಿಗೆ ಗೋಡೆ ಏರಿಸಿ. ತೂಬು ಮುಚ್ಚಿಸಿ. ಹೂಳೆತ್ತೋರನ್ನು ಕೆರೆಗೆ ಬಿಡಬೇಡಿ. ಮಿಕ್ಕಿದ್ದು ನನಗೆ ಬಿಡಿ. ಎಂದೂ ಇಳಿಯದ ಕೆರೆ ಮಾಡಿಕೊಡ್ತೀನಿ."

ತೂಬು ಅಂದರೆ ಕೆರೆಯ ತಳದಲ್ಲಿ ನೀರು ಬಿಡುವ ಬಾಯಿ. ದೊರೆ ಅದಕ್ಕೆ ಕಲ್ಲು ಜಡಿಸಿದ, ಕೋಡಿಗೆ ಗೋಡೆ ಕಟ್ಟಿಸಿದ. ಆಮೇಲೆ ಮಾಂತ್ರಿಕ ನೇರವಾಗಿ ಬಂದದ್ದು ದ್ಯಾವೀರಿಯ ಮನೆಗೆ. ಯಾಕೆ ಅಂತೀರೋ? ಅಲೆಗೆರೆಯಲ್ಲಿ ಒಂದು ಪದ್ಧತಿ. ಕೆರೆ ತುಂಬಿದ ದಿನ ಹೆಂಗಸರೆಲ್ಲ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕಾಳು ಇಟ್ಟು ಗಂಗವ್ವನಿಗೆ ಬಾಗಿನ ಬಿಡುತ್ತಿದ್ದರು. ಮೊದಲ ಬಾಗಿನ ಹರಿಗೋಲಿನವಳದು. ಅವಳು ಏನಿಟ್ಟಳೋ ಊರೆಲ್ಲ ಅದನ್ನೇ ಇಡಬೇಕು.

"ನೋಡು ತಾಯಿ," ಅಂತ ಮಾಂತ್ರಿಕ ಒಂದು ಗಿಡ ತೋರಿಸಿದ. ಉಬ್ಬಿದ ದಂಟು, ಮಿರುಗುವ ಎಲೆ, ತಿಳಿನೇರಳೆ ಹೂಗೊಂಚಲು. "ನಿನ್ನ ಬಾಗಿನದಲ್ಲಿ ಇದನ್ನಿಡು. ನೀರು ಹೋಗೋದು ನಿಂತರೆ ನೀರಿಗೆ ಬಂದವನು ಹೋಗೋದೂ ನಿಲ್ಲುತ್ತೆ."

ದ್ಯಾವೀರಿ ಎರಡನೇ ಮಾತು ಕೇಳಲಿಲ್ಲ. ಬೇರೆ ಏನಾದರೂ ಹೇಳಿದ್ದರೆ ಹತ್ತು ಪ್ರಶ್ನೆ ಕೇಳಿ ಅವನ ಬೆವರಿಳಿಸುತ್ತಿದ್ದವಳು ಅವಳು. ಆ ವರ್ಷ ಮೊದಲ ಮೊರದಲ್ಲಿ ಆ ಹೂವಿಟ್ಟು, ಕಣ್ಣಿಗೊತ್ತಿಕೊಂಡು, ನಡುನೀರಿಗೆ ಬಿಟ್ಟಳು. ಊರ ಹೆಂಗಸರೆಲ್ಲ ಅದೇ ಹೂ ಇಟ್ಟರು. ಭಕ್ತಿಯಿಂದಲೇ ಇಟ್ಟರು, ಪಾಪ.

ಹೂ ಹಬ್ಬಿತು ಅಂದರೆ ಹಬ್ಬಿತು. ದಸರೆಯ ಹೊತ್ತಿಗೆ ದಡದಿಂದ ದಡಕ್ಕೆ ಒಂದೇ ಹಸಿರು, ಮೇಲೆ ನೇರಳೆ. "ಆಹಾ, ಕೆರೆಗೆ ಸೀರೆ ಉಡಿಸಿದ ಹಾಗಿದೆ!" ಅಂತ ಎಲ್ಲರೂ ಹೊಗಳಿದರು. ದೊರೆಗೆ ಅರಮನೆಯ ನೆರಳು ಕಾಣದೆ ಕೊಂಚ ಕಸಿವಿಸಿಯಾದರೂ ಚೆಂದವಾಗಿದೆ ಅಂತ ಸುಮ್ಮನಾದ. ಎಲೆಗಳ ಕೆಳಗೆ ಬಿಸಿಲು ಇಳಿಯಲಿಲ್ಲ, ಗಾಳಿ ಇಳಿಯಲಿಲ್ಲ. ನೀರು ಕಪ್ಪಾಯಿತು. ಮೀನುಗಳು ಎಲೆಗಳ ಸಂದಿಗೆ ಬಾಯಿ ಒಡ್ಡಿ ಒಡ್ಡಿ ಸತ್ತವು. ದ್ಯಾವೀರಿ ಅದನ್ನು ಕಂಡೂ ಕಾಣದ ಹಾಗೆ ಇದ್ದಳು. ಅವಳ ಕಣ್ಣೆಲ್ಲ ಆಕಾಶದ ಮೇಲಿತ್ತು.

ಕಾರ್ತಿಕ ಬಂತು. ಹಿಂಡು ಬಂತು. ಕೆರೆಯ ಮೇಲೆ ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಇಳಿಯಲು ಬೊಗಸೆಯಷ್ಟು ನೀರಿಲ್ಲ. ಅಂಚಿನ ತೆಳುನೀರಿಲ್ಲ, ಕೆಸರಿಲ್ಲ, ಮೇಯಲು ಎಳೆಹುಲ್ಲಿಲ್ಲ. ಹಿಂಡಿನಿಂದ ಒಂದು ಹಕ್ಕಿ ಕೆಳಗಿಳಿದು ಅವಳ ತಲೆಯ ಮೇಲೇ ಹಾದುಹೋಗುತ್ತ ಕೂಗಿತು:

"ದ್ಯಾವೀರಿ, ನೀರೆಲ್ಲಿ?"

ಅವಳು ನಿಂತದ್ದು ತುಂಬಿದ ಕೆರೆಯ ದಡದಲ್ಲಿ. ದಣಿದ ಹಿಂಡು ಇನ್ನೂ ದಕ್ಷಿಣಕ್ಕೆ ತಿರುಗಿತು. ಅವಳು ಏರಿಯ ಉದ್ದಕ್ಕೂ ಓಡಿದಳು. ಏರಿ ಮುಗಿಯಿತು, ಹಿಂಡು ಚುಕ್ಕೆಗಳಾಯಿತು, ಆಮೇಲೆ ಅದೂ ಇಲ್ಲ.

ನೇರ ಮಾಂತ್ರಿಕನ ಬಳಿಗೆ ಹೋದಳು. ಅವನು ಕೆರೆಯ ನಡುವೆ, ಎಲೆಗಳ ಮೇಲೆಯೇ ಚಾಪೆ ಹಾಸಿದ ಹಾಗೆ ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದ.

"ಏನಯ್ಯಾ, ನನ್ನ ಗಂಡ ಹೋಗೋದು ನಿಲ್ಲುತ್ತೆ ಅಂದಿದ್ದೆ!"

"ನಿಂತಿತಲ್ಲ ತಾಯಿ," ಅಂದ ಸ್ಥಿರಸಿದ್ಧ. "ಬರೋದೇ ನಿಂತ ಮೇಲೆ ಹೋಗೋದೆಲ್ಲಿ ಬಂತು?"

ದ್ಯಾವೀರಿ ಮನೆಗೆ ಬಂದು ಕುಡುಗೋಲು ತೆಗೆದುಕೊಂಡಳು. ಚಳಿಗಾಲ, ಬೇಸಿಗೆ ಎರಡೂ ಕಳೆ ಕಿತ್ತಳು. ಸಂಜೆಯವರೆಗೆ ಒಂದು ಅಂಗಳದಷ್ಟು ತೆರವು ಮಾಡಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿರುತ್ತಿತ್ತು. ನೀರು ನಾರತೊಡಗಿತು. ಸೊಳ್ಳೆ ಎದ್ದವು. ಊರಲ್ಲಿ ಮನೆಮನೆಗೆ ಚಳಿಜ್ವರ. ಹೂಳಿಲ್ಲದ ಹೊಲ ಸೊರಗಿತು. "ಎಲ್ಲಾ ಇವಳ ಹೂವಿಂದ ಆದದ್ದು," ಅಂತ ಹೆಂಗಸರು ಈಗ ಕಿಚಾಯಿಸದೆ ನೇರವಾಗಿಯೇ ಅಂದರು. ಅವಳು ತಿರುಗಿ ಬೈಯಲಿಲ್ಲ. ನಿಜ ಹೇಳಿದವರನ್ನು ಏನಂತ ಬೈಯುವುದು?

ಮತ್ತೆ ಮಳೆಗಾಲ ಬಂದು ಮುಗಿಯುತ್ತ ಬಂತು. ಆ ಚಳಿಗಾಲವೂ ತಪ್ಪಿದರೆ ಅವನು ತನ್ನ ಮುಖ ಮರೆಯುತ್ತಾನೆ ಅನ್ನುವುದೊಂದೇ ಅವಳ ತಲೆಯಲ್ಲಿ. ನೀರು ಹೊರಗೆ ಬಿಡುವ ದಾರಿ ಏನಾದರೂ ಸಿಕ್ಕೀತೇ ಅಂತ ಕೋಡಿಯ ಗೋಡೆಯ ಹತ್ತಿರ ಹೋದಳು. ಗೋಡೆಯಲ್ಲಿ ಒಂದು ಕಲ್ಲು ಅವಳನ್ನು ನೋಡುತ್ತಿತ್ತು. ಕಲ್ಲಲ್ಲ, ಕಲ್ಲಾಗಿ ಹೋದ ಮೊಸಳೆ. ಕಣ್ಣು ಮಾತ್ರ ಅಲುಗುತ್ತಿತ್ತು.

"ನಾನು, ನೀರುನಾಯಿ, ಆಮೆ, ಮೂವರೂ ಈ ನೀರಿನ ಹಿರಿಯರು," ಅಂತು ಮೊಸಳೆ. "ಮಾಂತ್ರಿಕ ನಮ್ಮನ್ನು ನಿಲ್ಲಿಸಿ ಕಲ್ಲು ಮಾಡಿದ, ನಮ್ಮ ಮೇಲೇ ಕಟ್ಟು ಹಾಕಿದ. ನಾವು ಅಲುಗಿದರೆ ತೂಬು ಅಲುಗುತ್ತೆ. ಒಬ್ಬೊಬ್ಬರಿಗೂ ಬೇಕಾದ್ದು ಸಿಕ್ಕರೆ ಅಲುಗುತ್ತೇವೆ."

"ನಿನಗೇನು ಬೇಕು ಹೇಳು."

"ಬೇಸಿಗೆಯಲ್ಲಿ ನೀರು ಇಳಿದಾಗ ಮರಳು ಕಾಣುತ್ತಿತ್ತು. ಅಲ್ಲಿ ಬಿಸಿಲು ಕಾಯಿಸುತ್ತಿದ್ದೆ, ಅಲ್ಲೇ ಮೊಟ್ಟೆ ಇಡುತ್ತಿದ್ದೆ. ಹೊಟ್ಟೆಗೆ ಒಂದಿಷ್ಟು ಬಿಸಿ ಮರಳು ತಾಗಬೇಕು ಕಣವ್ವ. ಅಷ್ಟೇ."

ಕೆರೆಯ ಸುತ್ತ ಮರಳೇ ಇರಲಿಲ್ಲ. ಎಲ್ಲಾ ಮುಳುಗಿತ್ತು. ಬುಟ್ಟಿ ಹೊತ್ತು ಅವಳು ಕೆಳಗೆ ಹೆಬ್ಬೊಳೆಗೆ ನಡೆದಳು. ಹೊಳೆ ಎಲ್ಲಿ? ಮಳೆಗಾಲದಲ್ಲೂ ಬರೀ ಮರಳಿನ ದಾರಿ. ಅಲ್ಲಿ ಒಬ್ಬ ಹೆಂಗಸು ಒರತೆ ತೋಡಿಕೊಂಡು, ಗುಂಡಿಯಲ್ಲಿ ಜಿನುಗುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡಕ್ಕೆ ಹಾಕುತ್ತಿದ್ದಳು. ದ್ಯಾವೀರಿಯನ್ನು ಕಂಡು ಎದ್ದು, ಮೊದಲು ಅವಳ ಬೊಗಸೆಗೇ ನೀರು ಹಾಕಿದಳು.

"ಮೇಲಿನ ಊರಿನವರಾ? ನಿಮ್ಮ ಕೆರೆ ಈಗ ಯಾವಾಗಲೂ ತುಂಬಿರುತ್ತಂತಲ್ಲ, ಹೂ ಬೇರೆ ಬಿಟ್ಟಿದೆಯಂತೆ. ನಮ್ಮ ಮಕ್ಕಳಿಗೆ ಒಂದು ಸಲ ತೋರಿಸಬೇಕು ಅಂತ ಆಸೆ," ಅಂದಳು. ಅವಳ ಮಾತಲ್ಲಿ ಕೊಂಕಿರಲಿಲ್ಲ. ಅದಕ್ಕೇ ದ್ಯಾವೀರಿ ತಲೆ ಎತ್ತದೆ ಆ ನೀರು ಕುಡಿದಳು. ತನ್ನ ಕೆರೆಯ ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಅಂತ ಇಷ್ಟು ವರ್ಷ ಅವಳು ಯೋಚಿಸಿಯೇ ಇರಲಿಲ್ಲ. ಇಲ್ಲೂ ಜನ ಆ ನೀರಿಗೆ ಕಾಯುತ್ತಿದ್ದರು, ಅವಳು ಕಾರ್ತಿಕಕ್ಕೆ ಕಾಯುತ್ತಿದ್ದ ಹಾಗೆ.

ಇಬ್ಬರೂ ಸೇರಿ ಬುಟ್ಟಿ ತುಂಬಿದರು. ಬಿಸಿಲಲ್ಲಿ ಕಾದ ಮರಳನ್ನು ದ್ಯಾವೀರಿ ಹೊತ್ತು ತಂದು ಮೊಸಳೆಯ ಹೊಟ್ಟೆಯಡಿ ಸುರಿದಳು. ಮೊಸಳೆ ಸುಖದಿಂದ ಕಣ್ಣು ಮುಚ್ಚಿ ಬಾಲ ಆಡಿಸಿತು. ಗೋಡೆ ಬಿರುಕು ಬಿಟ್ಟಿತು.

ಎರಡನೆಯದು ನೀರುನಾಯಿ. ಅದು ಹೊಳೆಗೆ ಇಳಿಯುವ ಕಾಲುವೆಯಲ್ಲಿ, ಎರಡು ಕಾಲ ಮೇಲೆ ನಿಂತ ಹಾಗೆಯೇ ಕಲ್ಲಾಗಿತ್ತು. ಮೀಸೆ ಮಾತ್ರ ಅಲುಗುತ್ತಿತ್ತು.

"ನಿನಗೇನು ಬೇಕಪ್ಪ?"

"ನಿನ್ನ ಬಲೆ," ಅಂತು ನೀರುನಾಯಿ. "ನಿಮ್ಮಪ್ಪ ಹೆಣೆದದ್ದು. ಅದರ ಕಣ್ಣು ಎಷ್ಟು ಸಣ್ಣದು ಅಂದರೆ ಮರಿಮೀನೂ ನುಸುಳಲ್ಲ. ಮಾಂತ್ರಿಕ ಬರೋಕೆ ಮೊದಲೇ ನಮಗೆ ಅರೆಹೊಟ್ಟೆ ಮಾಡಿದ್ದು ಅದು. ಅದನ್ನು ಪೂರಾ ಬಿಚ್ಚಿ ದೊಡ್ಡ ಕಣ್ಣಿನ ಬಲೆ ಹೆಣೆ. ಹೆಣೆದು ನನಗೆ ತೋರಿಸು."

ದ್ಯಾವೀರಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಮುಗಿಲಯ್ಯ ಬಿದ್ದ ಬಲೆ. ಅವನಿಲ್ಲದ ತಿಂಗಳುಗಳಲ್ಲಿ ಮಡಿಸಿ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ ಬಲೆ. ಅವನ ಕಾಲು ಸಿಕ್ಕಿಕೊಂಡಿದ್ದ ಗಂಟು ಯಾವುದು ಅಂತ ಕತ್ತಲಲ್ಲೂ ಬೆರಳಿಗೆ ಗೊತ್ತಿತ್ತು. ಆ ಗಂಟಿನಲ್ಲಿ ಬೂದುಬಣ್ಣದ ಒಂದು ಪುಕ್ಕ ಇನ್ನೂ ಇತ್ತು.

"ಬೇರೆ ಏನಾದರೂ ಕೇಳಬಾರದಾ? ಹೊಸಾ ಬಲೆ ಹೆಣೀತೀನಿ, ದೊಡ್ಡ ಕಣ್ಣಿಂದು."

"ಹೊಸದು ಹೆಣೆದರೆ ಹಳೆಯದು ಎಲ್ಲಿ ಹೋಗುತ್ತೆ? ನಾಳೆ ಯಾರಾದರೂ ಬೀಸ್ತಾರೆ."

ಸರಿ, ಕಟ್ಟೆಯ ಮೇಲೆ ಕೂತು ಬಿಚ್ಚತೊಡಗಿದಳು. ಬಿಚ್ಚಿದಳು, ಬಿಚ್ಚಿದಳು. ಆ ಗಂಟು ಬಂದಾಗ ಕೈ ನಿಂತಿತು. ಸ್ವಲ್ಪ ಹೊತ್ತು ಅದನ್ನು ಕೆನ್ನೆಗೊತ್ತಿಕೊಂಡು ಕೂತಳು. ಆಮೇಲೆ ಅದನ್ನೂ ಬಿಚ್ಚಿದಳು. ಪುಕ್ಕ ಗಾಳಿಗೆ ಎದ್ದು, ಅವಳು ಕೈ ಚಾಚುವಷ್ಟರಲ್ಲಿ ಹೊರಟುಹೋಯಿತು. ಅದೇ ದಾರದಲ್ಲಿ ಅಂಗೈ ತೂರುವಷ್ಟು ದೊಡ್ಡ ಕಣ್ಣಿನ ಬಲೆ ಹೆಣೆದು ತೋರಿಸಿದಳು. ನೀರುನಾಯಿ ಮೀಸೆ ಕೊಡವಿ ನೆಲಕ್ಕೆ ಹಾರಿತು. ಕಾಲುವೆಯ ಕಟ್ಟು ಕಳಚಿತು.

ಮೂರನೆಯದು ಆಮೆ, ಹಣ್ಣುಹಣ್ಣು ಅಜ್ಜಿ. ಅದು ತೂಬಿನ ಬಾಯಲ್ಲೇ, ಕಪ್ಪು ನೀರಿನ ತಳದಲ್ಲಿತ್ತು. ದ್ಯಾವೀರಿ ಸೆರಗು ಬಿಗಿದು, ಎಲೆಗಳನ್ನು ಸೀಳಿಕೊಂಡು ಮುಳುಗಿದಳು. ಕಣ್ಣು ಕಾಣದ ಆ ನೀರಲ್ಲಿ ಆಮೆಯ ದನಿ ಕಿವಿಯ ಹತ್ತಿರವೇ ಕೇಳಿತು.

"ನನಗೆ ಈ ಚಳಿಗಾಲ ಬೇಕು ಮಗಳೇ."

"ಅಂದರೆ?"

"ಕೆರೆ ಪೂರಾ ಬರಿದಾಗಬೇಕು. ಈ ಕಳೆಯ ಬೇರು ತಳದವರೆಗೆ ಒಣಗಬೇಕು, ಕೊಳೆತ ಹೂಳನ್ನು ನೀವು ಎತ್ತಬೇಕು. ಮಳೆ ಮುಗಿದಿದೆ, ಈಗ ಬಿಟ್ಟ ನೀರು ಮುಂದಿನ ಮುಂಗಾರಿಗೇ ಬರೋದು. ಈ ಕಾರ್ತಿಕದಲ್ಲಿ ಇಲ್ಲಿ ಇಳಿಯೋಕೆ ಯಾರಿಗೂ ನೀರಿರಲ್ಲ."

ದ್ಯಾವೀರಿ ಉಸಿರುಗಟ್ಟಿ ಮೇಲೆ ಬಂದಳು. ಮೇಲೆ ಸ್ಥಿರಸಿದ್ಧ ಎಲೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತು ಅವಳಿಗಾಗಿಯೇ ಕಾಯುತ್ತಿದ್ದ. ಮುಖದ ತುಂಬ ಅಕ್ಕರೆ.

"ಅವುಗಳ ಮಾತು ಕಟ್ಟಿಕೊಂಡು ಕೆಡಬೇಡ ತಾಯಿ. ನಿನ್ನ ಗಂಡನಿಗೋಸ್ಕರ ಇಲ್ಲೇ ಒಂದು ಅಂಗಳದಷ್ಟು ನೀರು ತಿಳಿ ಮಾಡ್ತೀನಿ. ಅವನು ಇಳೀತಾನೆ, ದಡ ಹತ್ತುತಾನೆ. ಈ ಸಲ ಖಂಡಿತ ಹೋಗೋದಿಲ್ಲ. ಶಿವರಾತ್ರಿ ಬಂದರೂ ಇಲ್ಲೇ, ಯುಗಾದಿ ಬಂದರೂ ಇಲ್ಲೇ. ಮುಂಗಾರು ಗುಡುಗಿದಾಗ ನಿನ್ನ ಪಕ್ಕ ಕೂತು ಹುರುಳಿ ಸಾರು ಉಣ್ಣುತ್ತಾನೆ."

ಅಯ್ಯೋ, ಅವಳಿಗೆ ಆಸೆಯಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾಗಿಲಾಚೆ ಮಳೆ, ಒಳಗೆ ಅವನು, ನಡುವೆ ಹೊಗೆಯಾಡುವ ಸಾರು. ಅದು ಅವಳ ಕಣ್ಣಿಗೆ ಕಟ್ಟಿತು. ಹ್ಞೂಂ ಅನ್ನಲು ಬಾಯಿ ತೆರೆದಿದ್ದಳು. ಆಮೇಲೆ ಯಾಕೋ ಕೇಳಿದಳು:

"ಹಾರಬೇಕು ಅನ್ನೋ ಆಸೆ ಅವರಿಗೆ ಬರಲ್ವಾ?"

"ಆಸೆ ಬರುತ್ತೆ," ಅಂದ ಮಾಂತ್ರಿಕ. "ರೆಕ್ಕೆ ಬರೋದಿಲ್ಲ."

ದ್ಯಾವೀರಿ ಅವನ ಮುಖವನ್ನೇ ನೋಡಿದಳು. ಆಸೆಯಿದ್ದೂ ಹೋಗಲಾಗದೆ ಕೂರುವುದು ಹೇಗಿರುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ರಾಜ್ಯದಲ್ಲಿ ಯಾರಿದ್ದರು? ಅದನ್ನು ಅವನಿಗೂ ತಂದುಹಾಕುವುದೇ?

"ನನ್ನ ಮುಖ ಮರೆತರೂ ಸೈ," ಅಂದಳು. "ಅವರು ನಿನ್ನ ಪಾಲಾಗೋದು ಬೇಡ."

ಅಂದವಳೇ ಮುಳುಗಿದಳು. "ಅಜ್ಜಿ, ಈ ಚಳಿಗಾಲ ನಿಂದು, ತಗೋ!" ಅಂತ ತೂಬಿನ ಕಲ್ಲಿಗೆ ಎರಡೂ ಕೈ ಕೊಟ್ಟು ಎಳೆದಳು. ಆಮೆ ಕಾಲು ಚಾಚಿತು. ಕಲ್ಲು ಕಿತ್ತು ಬಂತು.

ಮೊದಲು ಒಂದು ನರಳಾಟ. ಆಮೇಲೆ ಕಪ್ಪು ನೀರು ಭೋರೆಂದು ತೂಬಿಗೆ ನುಗ್ಗಿತು. ಅತ್ತ ಕೋಡಿಯ ಗೋಡೆ ಒಡೆಯಿತು. ಕೆರೆಯ ಹಸಿರು ಚಾಪೆ ಇಡಿಯಾಗಿ ಜರುಗತೊಡಗಿತು. "ನಿಲ್ಲು! ನಿಲ್ಲು!" ಅಂತ ಸ್ಥಿರಸಿದ್ಧ ನೀರಿಗೆ ಅಪ್ಪಣೆ ಕೊಟ್ಟ. ಹರಿಯಲು ಶುರುಮಾಡಿದ ನೀರು ಯಾರ ಮಾತು ಕೇಳುತ್ತದೆ? ಚಾಪೆಯ ಜೊತೆ ಅವನೂ ಗಿರಗಿರ ತಿರುಗಿದ, ತೂಬಿನ ಈ ಬಾಯಲ್ಲಿ ಹೋದ. ಆ ಬಾಯಲ್ಲಿ ಹೊರಗೆ ಬಂದದ್ದು ಒಂದಿಷ್ಟು ನೊರೆ. ಹೊಳೆಯ ಮರಳಿಗೆ ತಾಗಿ ಅದೂ ಒಡೆದುಹೋಯಿತು. ಆಮೆಯ ಬೆನ್ನು ಹಿಡಿದು ದಡ ಸೇರಿ ಏರಿಯ ಮೇಲೆ ಬಂದು ಬಿದ್ದ ದ್ಯಾವೀರಿಯನ್ನು ಹೆಂಗಸರು ಓಡಿಬಂದು ಎತ್ತಿ ಕೂರಿಸಿದರು, ಒದ್ದೆ ತಲೆ ಒರೆಸಿದರು.

ದೊರೆ ಬಂದು ನೋಡಿದ. ಅವನ ಕೆರೆ ಹೋಗಿತ್ತು. ತಳದ ತುಂಬ ಕೊಳೆತ ಬೇರು, ಸತ್ತ ಮೀನು, ಎದೆಯುದ್ದದ ಹೂಳು. "ಇದು ನನ್ನ ಕೆರೆಯಾ?" ಅಂದ ಸಣ್ಣ ದನಿಯಲ್ಲಿ.

"ಹೌದು ಬುದ್ಧಿ," ಅಂದಳು ದ್ಯಾವೀರಿ. "ಹಾಳು ಮಾಡಿದ್ದು ನಾವಿಬ್ಬರು. ನೀವು ಮುಚ್ಚಿಸಿದಿರಿ, ನಾನು ಹೂ ಬಿಟ್ಟೆ. ಬುಟ್ಟಿ ತಗೊಳ್ಳಿ."

ದೊರೆ ತಗೊಂಡ. ಮೊದಲ ಹೆಜ್ಜೆಗೇ ಮೊಣಕಾಲವರೆಗೆ ಹೂತು, ಎಳೆಯಲು ಬಂದ ಮಂತ್ರಿಯನ್ನೂ ಕೆಡವಿಕೊಂಡು ಬಿದ್ದ. ಜ್ವರದಿಂದ ಎದ್ದ ಜನ ಅಂದು ಮೊದಲ ಸಲ ನಕ್ಕರು. ಅಂದಿನಿಂದ ಊರಿಗೆ ಊರೇ ಕೆರೆಗೆ ಇಳಿಯಿತು. ಹೂಳು ಹೊಲಕ್ಕೆ ಹೋಯಿತು, ಒಣಗಿದ ಕಳೆ ಗೊಬ್ಬರದ ಗುಂಡಿಗೆ ಹೋಯಿತು.

ಕಾರ್ತಿಕದಲ್ಲಿ ಹಿಂಡು ಬಂತು. ಒಂದು ಹಕ್ಕಿ ಕೆಳಗಿಳಿದು ಅವಳ ಮೇಲೆ ಸುತ್ತಿತು. "ನಿನ್ನ ಹೆಸರು ಬಾಯಿಗೆ ಬರ್ತಿಲ್ಲ," ಅಂತ ಕೂಗಿತು. "ಮುಖ ಮಾತ್ರ ಗೊತ್ತು. ನೀರೆಲ್ಲಿ?"

"ಕೆಳಗೆ ಹೊಳೆಯಲ್ಲಿದೆ! ಹೋಗಿ, ಹೊಟ್ಟೆ ತುಂಬ ಮೇಯಿರಿ!" ಅಂತ ಅವಳು ಬುಟ್ಟಿ ಎತ್ತಿ ದಾರಿ ತೋರಿಸಿದಳು. ಇರಿ ಅನ್ನಲಿಲ್ಲ. ಹಿಂಡು ಹೊಳೆಯಲ್ಲಿ ಇಳಿಯಿತು. ಆ ಚಳಿಗಾಲ ಪೂರ್ತಿ ಬಿಡುವಾದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಅವಳು ಹೊಳೆಯ ದಂಡೆಗೆ ಹೋಗಿ ಕೂರುತ್ತಿದ್ದಳು. ಒರತೆ ತೋಡುತ್ತಿದ್ದ ಆ ಹೆಂಗಸೂ ಒಮ್ಮೊಮ್ಮೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ನೂರಾರು ಹೆಬ್ಬಾತುಗಳು, ಎಲ್ಲದರ ತಲೆಯ ಮೇಲೂ ಅದೇ ಪಟ್ಟೆ. ಅವುಗಳಲ್ಲಿ ತನ್ನವನು ಯಾರು ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಕ್ಕಿಗಳು ಮೇಯುತ್ತಿದ್ದವು, ಅವಳು ನೋಡುತ್ತಿದ್ದಳು. ಶಿವರಾತ್ರಿಗೆ ಅವು ಎದ್ದು ಹೋದವು.

ಮುಂಗಾರು ಬಂತು. ತೊಳೆದಿಟ್ಟ ಪಾತ್ರೆಯ ಹಾಗಿದ್ದ ಕೆರೆಗೆ ಕೆಂಪು ನೀರು ಬಂತು, ತಿಳಿಯಾಯಿತು, ತುಂಬಿತು, ಕೋಡಿ ಬಿತ್ತು. ಮರಿಮೀನು ಮಿನುಗಿದವು. ಕಾರ್ತಿಕದ ಒಂದು ಮಧ್ಯಾಹ್ನ ಆಕಾಶದಲ್ಲಿ ಗದ್ದಲ ಕೇಳಿತು. ಹಿಂಡು ಸುತ್ತು ಹಾಕದೆ ನೇರ ನೀರಿಗೆ ಇಳಿಯಿತು. ಒಂದು ಹೆಬ್ಬಾತು ಈಜಿಕೊಂಡು ದಡಕ್ಕೆ ಬಂತು. ಕೆಸರು ಕೊಡವಿಕೊಂಡು ಎತ್ತರದ ಒಬ್ಬ ಗಂಡಸು ದಡ ಹತ್ತಿದ.

ಎರಡು ವರ್ಷದಿಂದ ಅವಳು ಜೋಡಿಸಿಟ್ಟುಕೊಂಡ ಮಾತುಗಳಿದ್ದವು. ಮೊದಲು ಮಾತಾಡಿದ್ದು ಅವನೇ.

"ಯಾರಮ್ಮ ನೀವು?" ಅಂದ ಅವನು, ಪರವೂರಿನ ಹೆಂಗಸನ್ನು ಕೇಳುವ ಮರ್ಯಾದೆಯಲ್ಲಿ.

"ಇದೇ ಊರಿನವಳು," ಅಂದಳು ದ್ಯಾವೀರಿ. "ಊಟ ಆಯ್ತಾ?"

ಆಗಿರಲಿಲ್ಲ. ಅವನು ಅವಳ ಮನೆಯ ಜಗಲಿಯಲ್ಲಿ ಕೂತು ರಾಗಿಮುದ್ದೆ, ಸೊಪ್ಪಿನ ಸಾರು ಉಂಡ. ಎರಡನೇ ಸಲ ಬಡಿಸುವಾಗ ಅವಳ ಮುಖ ನೋಡಿ, "ಯಾಕಮ್ಮ, ಅಳ್ತಿದ್ದೀರಾ?" ಅಂತ ಕೇಳಿದ.

"ಸಾರಿಗೆ ಖಾರ ಜಾಸ್ತಿಯಾಯ್ತು," ಅಂದಳು.

ಅವನು ಊರಲ್ಲೇ ಉಳಿದ. ಅವಳ ಹರಿಗೋಲಿಗೆ ತೊಗಲು ಹೊಲಿದುಕೊಟ್ಟ, ಬಲೆ ಎಳೆದುಕೊಟ್ಟ. ಬರಬರುತ್ತ ಅಮ್ಮ ಹೋಗಿ ದ್ಯಾವೀರಿ ಅಂತ ಆಯಿತು. ಊರಿನವರೆಲ್ಲ ನೋಡುತ್ತಿದ್ದರು, ಯಾರೂ ಬಾಯಿ ಬಿಡಲಿಲ್ಲ. ಆ ಹೆಂಗಸರು ಬಾಯಿ ಬಿಡದೆ ಇದ್ದರು ಅಂದರೆ ಅದೇ ದೊಡ್ಡ ಮಾಯೆ ಅಂತೀನಿ ನಾನು. ಸಂಕ್ರಾಂತಿಯ ಹಿಂದಿನ ದಿನ, ಊಟಕ್ಕೆ ಕೂತವನು, ತಣಿಗೆಯಲ್ಲಿ ಬೆರಳಾಡಿಸುತ್ತ ಕೇಳಿದ:

"ದ್ಯಾವೀರಿ, ನಿನಗೆ ಮದುವೆ ಆಗಿದೆಯಾ?"

"ಆಗಿದೆ."

ಅವನ ಮುಖ ಬಾಡಿತು. "ಗಂಡ ಎಲ್ಲಿ?"

"ಇಲ್ಲೇ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದಾರೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಎಲ್ಲ ಹೇಳಿದಳು, ಹೂವಿನಿಂದ ಹಿಡಿದು ಹೊಳೆಯ ದಂಡೆಯವರೆಗೆ. ಅವನಿಗೆ ಏನೂ ನೆನಪಾಗಲಿಲ್ಲ. ನೆನಪಾಗದಿದ್ದರೂ ಅವನು ಎಂಜಲು ಕೈಯಲ್ಲೇ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಒಂದೇ ಗಂಡನ ಕೈಯಲ್ಲಿ ಎರಡನೇ ಸಲ ತಾಳಿ ಕಟ್ಟಿಸಿಕೊಂಡವಳು ಆ ಸೀಮೆಯಲ್ಲಿ ಅವಳೊಬ್ಬಳೇ. ಮದುವೆಗೆ ದೊರೆ ಬಂದ, ಕೆಳಗಿನ ಹೊಳೆಯವರು ಬಂದರು, ನೀರುನಾಯಿ ಕರೆಯದಿದ್ದರೂ ಬಂದು ಮೀನಿನ ಸಾರು ಖಾಲಿ ಮಾಡಿ ಹೋಯಿತು.

ಶಿವರಾತ್ರಿ ಬಂತು. ಅವನ ತೋಳು ನವೆಯತೊಡಗಿತು. ಈ ಸಲ ಅವಳು ಬಾಗಿಲು ಹಾಕಿಕೊಳ್ಳಲಿಲ್ಲ. ಅವನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, ರೆಕ್ಕೆ ಬಿಚ್ಚಲು ಜಾಗವಿರುವ ನಡುನೀರಿಗೆ ತಾನೇ ಹುಟ್ಟು ಹಾಕಿದಳು. ಅವನು ಹೋಗಲಾರದೆ ಹೋಗುತ್ತ ಕೇಳಿದ:

"ಮುಂದೆ ಎಂದಾದರೂ ನಾನು ಮತ್ತೆ ಮರೆತರೆ?"

"ಮತ್ತೆ ಮದುವೆ ಆಗೋಣ. ಈಗ ಹೊರಡಿ, ಹಿಂಡು ಕಾಯ್ತಿದೆ," ಅಂದಳು ದ್ಯಾವೀರಿ. ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಹೀಗೆ ಅಲೆಗೆರೆಯವರು ಸುಖವಾಗಿದ್ದರು. ಅವರ ಕೆರೆ ಅವರಿಗೆ ಒದಗಿತು. ಕತೆ ಕೇಳಿದವರ ಊರಿನ ಕೆರೆಯೂ ಅವರವರಿಗೆ ಒದಗಲಿ.